ನಮ್ಮ ಅಂಗಳದ ಜಗಳವನ್ನು ಹಿಂತಿರುಗಿಸುವ ಕುರಿತು

ಇವರಿಗೆ,
ಎರಡು ಮಹಾನ್ ದೇಶಗಳ ಸೌಹಾರ್ದ ಭೇಟಿಯ ಜಂಟಿ ಸಿದ್ಧತಾ ಕಚೇರಿ, ಬೀಜಿಂಗ್.
ಗಮನಕ್ಕೆ: ನಮ್ಮ ಕಡೆಯ ಶ್ರೀ ಗೆಂಗ್ ಮತ್ತು ಅಮೆರಿಕದ ಕಡೆಯ ಶ್ರೀ ಹಾಲಿಸ್ಟರ್.
(ಯಾರ ಹೆಸರನ್ನು ಮೊದಲು ಬರೆದರೂ ಇನ್ನೊಬ್ಬರಿಗೆ ನೋವಾಗುವುದೆಂದು ಬಲ್ಲೆ. ಆದ್ದರಿಂದ ಪತ್ರದ ಇನ್ನೊಂದು ಪ್ರತಿಯಲ್ಲಿ ಹೆಸರುಗಳನ್ನು ಅದಲುಬದಲು ಮಾಡಿದ್ದೇನೆ. ಮೂರನೆಯ ಪ್ರತಿಯನ್ನು ಓಣಿಯ ಸೂಚನಾ ಫಲಕಕ್ಕೆ ಅಂಟಿಸಿದ್ದೇನೆ. ಅದನ್ನು ಯಾರು ಬೇಕಾದರೂ ಓದಬಹುದು.)

ಮಾನ್ಯರೇ,

ಹಳೆ ಗಾಣದ ಓಣಿಯ ಕೊನೆಯ ಅಂಗಳದಲ್ಲಿ, ದಕ್ಷಿಣಕ್ಕೆ ಮುಖ ಮಾಡಿದ ಉತ್ತರದ ಮನೆಯಲ್ಲಿ ವಾಸವಾಗಿರುವ, ಹೈಸ್ಕೂಲು ಮುಗಿಸಿ, ಬಟ್ಟೆ ಗಿರಣಿಯಲ್ಲಿ ಹೆಂಗಸರ ಪಾಳಿಯ ಮುಖ್ಯಸ್ಥೆಯಾಗಿ ದುಡಿದು, ಅತ್ತೆಯನ್ನೂ ಗಂಡನನ್ನೂ ಮರ್ಯಾದೆಯಿಂದ ಕಳಿಸಿಕೊಟ್ಟು, ಈಗ ಒಬ್ಬ ಮಗನನ್ನೂ ಒಬ್ಬ ಸೊಸೆಯನ್ನೂ ತಿದ್ದುತ್ತಿರುವ ತೋಂಗ್ ಯೂಲಾನ್ ಎಂಬ ನಾನು, ಭೂಮಂಡಲದ ಭಾರವನ್ನು ಆಳಿಗೆ ಅರ್ಧದಂತೆ ಹೊತ್ತು ತಿರುಗುವ ತಮ್ಮಿಬ್ಬರಿಗೂ, ಒಬ್ಬರಿಗೆ ಕೂದಲೆಳೆಯಷ್ಟೂ ಹೆಚ್ಚು ಬಾಗದೆ, ಸಮನಾಗಿ ವಂದಿಸುತ್ತೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ಟೀವಿಯಲ್ಲಂತೂ ಹಾಗೆಯೇ ಕಾಣುತ್ತೀರಿ.

ಕಳೆದ ತಿಂಗಳು ತಾವು ಈ ಊರಿನ ಅಷ್ಟೂ ಓಣಿಗಳನ್ನು ಜಾಲಾಡಿ, ಎರಡೂ ಕಡೆಯ ಮಂತ್ರಿಗಳು ಯಾರಿಗೂ ಹೇಳದೆ ಕೇಳದೆ ಆಕಸ್ಮಿಕವಾಗಿ ಒಳಗೆ ಬಂದು, ಜನಸಾಮಾನ್ಯರ ಜೊತೆ ಕಡುಬು ತಿಂದು ಹೋಗುವುದಕ್ಕೆ ಅತ್ಯಂತ ಸಾಮಾನ್ಯವಾದ ಅಂಗಳವೆಂದು ನಮ್ಮದನ್ನೇ ಆರಿಸಿದಿರಿ. ಈ ಗೌರವಕ್ಕೆ ನಾನು ಋಣಿ. ಆಯ್ಕೆಯಾದ ಮೇಲೆ ಅದನ್ನು ಇನ್ನಷ್ಟು ಸಾಮಾನ್ಯ ಮಾಡುವುದಕ್ಕೆಂದು ಲಾರಿ ಲಾರಿ ಸಾಮಾನು ತರಿಸಿದಿರಿ. ನಮ್ಮ ಹಳೆಯ ಹೆಂಚು ಹಳೆಯದರಂತೆ ಕಾಣುವುದಿಲ್ಲವೆಂದು ಹಳೆಯದರಂತೆ ಕಾಣುವ ಹೊಸ ಹೆಂಚು ಹೊದಿಸಿದಿರಿ. ಯಾರದ್ದೂ ಅಲ್ಲದ ಒಂದು ಸೈಕಲ್ಲನ್ನು ಗೋಡೆಗೆ ಒರಗಿಸಿದಿರಿ. ಅದು ಇವತ್ತಿಗೂ ಅಲ್ಲೇ ಇದೆ. ಅದರ ಬಗ್ಗೆ ನನ್ನ ದೂರಿಲ್ಲ. ದೂರಿರುವುದು ತಾವು ತಂದಿಟ್ಟದ್ದರ ಬಗ್ಗೆ ಅಲ್ಲ, ತೆಗೆದುಕೊಂಡು ಹೋದದ್ದರ ಬಗ್ಗೆ.

ವಿಷಯ ತಮಗೆ ತಿಳಿಯಬೇಕಾದರೆ ತಾವು ಬರುವ ಮೊದಲು ನಮ್ಮ ಅಂಗಳ ಹೇಗಿತ್ತೆಂದು ಹೇಳಬೇಕು. ಉತ್ತರದ ಮನೆ ನನ್ನದು. ಪೂರ್ವದ ಮನೆ ಲ್ವಾನ್ ಮುದುಕಿಯದು. ಅವಳು ವಿಧವೆ, ನಾನೂ ವಿಧವೆ. ಅವಳಿಗೆ ಒಬ್ಬ ಮಗ, ಅವನು ಊರಾಚೆಯ ಎತ್ತರದ ಕಟ್ಟಡವೊಂದರಲ್ಲಿದ್ದಾನೆ. ನಡುವೆ ಒಂದು ಬೋರೆ ಮರ. ಮರದ ಈಚೆಗೆ, ನನ್ನ ಗೋಡೆಯ ಪಕ್ಕ, ಇಬ್ಬರಿಗೂ ಸೇರಿದ ನೀರಿನ ನಲ್ಲಿ. ಚಳಿಗಾಲ ಶುರುವಾದರೆ ನನ್ನ ಗೋಡೆಗೆ ನನ್ನ ಎಲೆಕೋಸಿನ ರಾಶಿ, ಅವಳ ಗೋಡೆಗೆ ಅವಳದು, ಎರಡರ ಮೇಲೂ ಹಳೆಯ ರಜಾಯಿ. ನನ್ನ ಮಗನ ಮದುವೆಯ ಮಧ್ಯಾಹ್ನ, ಬೀಗರೆಲ್ಲ ಕೂತು ನೂಡಲ್ಸಿಗೆ ನಾನು ಹುರಿದ ಸೋಯಾ ಗೊಜ್ಜು ಕಲಸಿಕೊಳ್ಳುತ್ತಿದ್ದಾಗ, ಈ ಹೆಂಗಸು ಒಂದು ತುತ್ತು ಬಾಯಿಗಿಟ್ಟು, ಇಡೀ ಪಂಕ್ತಿಗೆ ಕೇಳುವಂತೆ, "ಯೂಲಾನಕ್ಕಾ, ಮದ್ವೆ ಸಡಗರದಲ್ಲಿ ಉಪ್ಪಿನ ಭರಣೀನೇ ಬಗ್ಗಿಸಿಬಿಟ್ರಾ ಹೆಂಗೆ?" ಎಂದಳು. ಬೀಗಿತ್ತಿ ನಕ್ಕಳು. ನಾನು, "ನಾಲಿಗೆ ಕೆಟ್ಟೋರಿಗೆ ಜೇನೂ ಉಪ್ಪೇ" ಎಂದೆ. ಅದಾದ ಮೇಲೆ ನನ್ನ ಮೊಮ್ಮಗಳು ಹುಟ್ಟಿ, ಬೆಳೆದು, ಕಾಲೇಜು ಸೇರಿದಳು. ನಾವಿಬ್ಬರೂ ಒಬ್ಬರಿಗೊಬ್ಬರು ಒಂದು ಮಾತನ್ನೂ ಆಡಲಿಲ್ಲ.

ಆಡಲಿಲ್ಲವೆಂದರೆ ತಮ್ಮಂಥವರು ಸಂಬಂಧ ಕೆಟ್ಟಿತ್ತೆಂದು ತಿಳಿಯುತ್ತೀರಿ. ಮಾನ್ಯರೇ, ಅದಕ್ಕಿಂತ ಸುಸೂತ್ರವಾದ ಸಂಬಂಧವನ್ನು ನಾನು ನನ್ನ ಗಂಡನ ಜೊತೆಗೂ ಕಂಡಿರಲಿಲ್ಲ. ಲ್ವಾನ್ ಮುದುಕಿಯ ಸೂರಿನಡಿ ಒಂದು ಪಂಜರವಿದೆ, ಅದರಲ್ಲಿ ಅವಳ ಗಂಡ ಸಾಕಿದ್ದ ಹಾಡುಹಕ್ಕಿಯ ಸಂತಾನದ್ದೇ ಒಂದು ಹಕ್ಕಿ. ಅವಳಿಗೆ ನನಗೇನಾದರೂ ತಿಳಿಸಬೇಕಿದ್ದರೆ ಆ ಹಕ್ಕಿಗೆ ಹೇಳುತ್ತಿದ್ದಳು. ನನಗೆ ಉತ್ತರ ಕೊಡಬೇಕಿದ್ದರೆ ನಾನು ಬೋರೆ ಮರಕ್ಕೆ ಹೇಳುತ್ತಿದ್ದೆ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಎನ್ನುವುದನ್ನು ಜನ ದೋಷವೆಂದು ಆಡಿಕೊಳ್ಳುತ್ತಾರೆ. ಆ ಕೊತ್ತಿ ಇಲ್ಲದಿದ್ದರೆ ಎಷ್ಟು ಮನೆ ಒಡೆಯುತ್ತಿದ್ದವೆಂದು ಯಾರೂ ಯೋಚಿಸುವುದಿಲ್ಲ. ಸಂಜೆ ಗಾಳಿ ತಿರುಗಿದರೆ ಅವಳು, "ಕೇಳ್ದ್ಯೇನೋ ಹಕ್ಕಿ, ಇವತ್ತು ಮಂಜು ಗಟ್ಟಿಯಾಗಿ ಬೀಳತ್ತೆ. ಕೆಲವ್ರಿಗೆ ಹೈಸ್ಕೂಲು ಓದಿದ್ರೂ ಕೋಸಿಗೆ ಎರಡನೇ ರಜಾಯಿ ಹೊದಿಸೋ ಬುದ್ಧಿ ಬರ್ಲಿಲ್ಲ ನೋಡು" ಎನ್ನುತ್ತಿದ್ದಳು. ನಾನು ಕೂಡಲೇ ಹೊರಗೆ ಬಂದು ಎರಡನೆಯ ರಜಾಯಿ ಹೊದಿಸಿ, ಮರಕ್ಕೆ, "ನಲ್ಲೀಲಿ ನೀರು ಬಿಟ್ಟು ಹೋದ್ರೆ ಪೈಪು ಒಡೆಯತ್ತೆ ಅಂತ ಕೆಲವ್ರಿಗೆ ಈ ವಯಸ್ಸಲ್ಲೂ ಹೇಳಿಕೊಡ್ಬೇಕು" ಎನ್ನುತ್ತಿದ್ದೆ. ಅವಳು ಬಂದು ನಲ್ಲಿಯ ನೀರು ಖಾಲಿ ಮಾಡಿ ಗೋಣಿ ಸುತ್ತಿ ಹೋಗುತ್ತಿದ್ದಳು. ಅವಳು ಕಾಯಿಲೆ ಬಿದ್ದ ವರ್ಷ ನಾನು ಮರಕ್ಕೆ ಅದರ ಜನ್ಮ ಜಾಲಾಡುವಂತೆ ಬೈದು, ಗಂಜಿಯ ಪಾತ್ರೆಯನ್ನು ಅದರ ಬುಡದಲ್ಲಿ ಕುಕ್ಕಿ ಬರುತ್ತಿದ್ದೆ. ಮರ ಗಂಜಿ ಕುಡಿಯುವುದಿಲ್ಲ. ಪಾತ್ರೆ ಮಾತ್ರ ಪ್ರತಿ ಬಾರಿಯೂ ತೊಳೆದು ಬರುತ್ತಿತ್ತು. ಅಷ್ಟು ವರ್ಷಗಳಲ್ಲಿ ನಮ್ಮ ಪೈಪು ಒಡೆಯಲಿಲ್ಲ, ಒಂದು ಕೋಸೂ ಹೆಪ್ಪುಗಟ್ಟಲಿಲ್ಲ.

ಅವಳ ಮಗ ಬಂದು, "ಅಮ್ಮಾ, ಅಲ್ಲಿ ಲಿಫ್ಟ್ ಇದೆ, ಬಿಸಿನೀರಿದೆ, ಬಾರಮ್ಮ" ಎಂದು ಕರೆದಾಗಲೆಲ್ಲ ಅವಳು ಹಕ್ಕಿಗೆ ಕೂಗಿ ಹೇಳುತ್ತಿದ್ದಳು: "ಉತ್ತರದ ಮನೆಯವಳು ಮೊದ್ಲು ಜಾಗ ಖಾಲಿ ಮಾಡ್ಲಿ, ಆಮೇಲೆ ನಾನು!" ಅದನ್ನು ಕೇಳಿಸಿಕೊಂಡು ನಾನು ಮರದ ಕೆಳಗೆ ಕುರ್ಚಿ ಹಾಕಿಸಿ ಇನ್ನಷ್ಟು ಗಟ್ಟಿಯಾಗಿ ಕೂರುತ್ತಿದ್ದೆ.

ಇಂಥ ಅಂಗಳಕ್ಕೆ ತಾವು ಬಂದಿರಿ. ಶ್ರೀ ಗೆಂಗ್ ಅವರೇ, ಮುದುಕಿಯರು ಮಾತು ಬಿಟ್ಟಿದ್ದಾರೆಂದು ಓಣಿ ಸಮಿತಿಯವರು ತಮ್ಮ ಕಿವಿಯಲ್ಲಿ ಹೇಳಿದಾಗ ತಮ್ಮ ಮುಖದ ಬಣ್ಣ ಹೇಗೆ ಇಳಿಯಿತೆಂದು ನಾನು ಕಣ್ಣಾರೆ ಕಂಡೆ. "ಅಯ್ಯೋ ಅಜ್ಜಿ, ಎರಡು ದೇಶ ಕೈ ಕುಲುಕೋ ಜಾಗ ಇದು! ಇಲ್ಲೇ ಹಿಂಗಂದ್ರೆ ನನ್ ನೌಕ್ರಿ ಗತಿ ಏನು?" ಎಂದಿರಿ. ಶ್ರೀ ಹಾಲಿಸ್ಟರ್ ಅವರೇ, ಪುಸ್ತಕದಿಂದ ನಮ್ಮ ಭಾಷೆ ಕಲಿತ ತಾವು, "ಪೂಜ್ಯ ಮಾತೆಯರೇ, ವೈರವು ಯಾರಿಗೂ ಒಳಿತನ್ನು ಮಾಡುವುದಿಲ್ಲ" ಎಂದು ಕೈ ಮುಗಿದಿರಿ. ಇಷ್ಟು ಹೇಳಿದ ತಾವಿಬ್ಬರೂ ಒಬ್ಬರಿಗೊಬ್ಬರು ಏನನ್ನೂ ಹೇಳುತ್ತಿರಲಿಲ್ಲವೆಂಬುದು ನನ್ನ ಗಮನಕ್ಕೆ ಬರದೆ ಹೋಗಲಿಲ್ಲ. ಶ್ರೀ ಗೆಂಗ್ ನನ್ನ ಕಡೆ ತಿರುಗಿ, "ನೋಡಿ ಅಜ್ಜಿ, ಕೆಲವ್ರಿಗೆ ಒಂಬತ್ತು ಗಂಟೆ ಅಂದ್ರೆ ಒಂಬತ್ತೂವರೆ" ಎನ್ನುವುದು. ಶ್ರೀ ಹಾಲಿಸ್ಟರ್ ನನ್ನ ಇನ್ನೊಂದು ಭುಜದ ಕಡೆಯಿಂದ, "ಮಾತೆಯೇ, ಕೆಲವರು ಮಾರ್ಗವನ್ನು ಮುಚ್ಚಿದ ಕಾರಣದಿಂದ ಕೆಲವರಿಗೆ ವಿಳಂಬವಾಗುತ್ತದೆ" ಎನ್ನುವುದು. ನಾನು ಬೋರೆ ಮರವಾಗಿದ್ದೇನೆಂದು ನನಗೆ ಆಗಲೇ ಅರ್ಥವಾಯಿತು. ಮರದ ಕೆಲಸ ಎಷ್ಟು ಕಷ್ಟದ್ದೆಂದೂ ಅರ್ಥವಾಯಿತು. ತಮಗೆ ಇಷ್ಟು ಚೆನ್ನಾಗಿ ಒದಗಿ ಬರುತ್ತಿದ್ದ ವಿದ್ಯೆಯನ್ನು ನಮ್ಮಿಂದ ಏಕೆ ಕಿತ್ತುಕೊಂಡಿರೆಂಬುದು ಮಾತ್ರ ಇಂದಿಗೂ ಅರ್ಥವಾಗಿಲ್ಲ.

ಸಂಧಾನ ಶುರುವಾಯಿತು. "ಲ್ವಾನ್ ಅಜ್ಜಿ, ಕ್ಯಾಮೆರಾ ಮುಂದೆ ಒಂದ್ಸಲ ನಕ್ಕುಬಿಡಿ ಸಾಕು, ದೇಶಕ್ಕೋಸ್ಕರ" ಎಂದು ಶ್ರೀ ಗೆಂಗ್ ಗೋಗರೆದರು. "ಇರೋವೇ ಮೂರು ಹಲ್ಲು, ಅವೂ ದೇಶಕ್ಕೆ ಬೇಕಾದ್ವೇನಪ್ಪಾ?" ಎಂದು ಅವಳು ಕೇಳಿದಳು. ಆ ಮಾತಿಗೆ ನನಗೂ ನಗು ಬಂತು. ಆದರೆ ನಾನು ಒಳಗೆ ಹೋಗಿ ನಕ್ಕು ಬಂದೆ. ಎರಡು ಕೋಸಿನ ರಾಶಿ ಇದ್ದರೆ ಒಡಕು ಕಾಣುತ್ತದೆಂದು ತಮ್ಮ ಆಳುಗಳು ಎರಡನ್ನೂ ಅಂಗಳದ ನಡುವೆ ಒಂದೇ ರಾಶಿ ಮಾಡಿ, ಒಂದೇ ಕೆಂಪು ಬಟ್ಟೆ ಹೊದಿಸಿದರು. ಗಟ್ಟಿಯಾಗಿ ಸುತ್ತಿದ ನನ್ನ ಹಸಿರು ಕೋಸು, ಸಡಿಲ ಬಾಯಿಯ ಅವಳ ಬಿಳಿ ಕೋಸು ಒಂದರ ಮೇಲೊಂದು ಬಿದ್ದುಕೊಂಡಿದ್ದವು. ನೋಡಲಾಗಲಿಲ್ಲ.

ಭೇಟಿಯ ದಿನ ಬಂತು. ನಮ್ಮ ಬಾಗಿಲು ಎಷ್ಟು ಅಗಲವೆಂದರೆ ಸೈಕಲ್ಲಿನ ಹ್ಯಾಂಡಲು ತಿರುಗಿಸಿದರೆ ಮಾತ್ರ ಒಳಗೆ ಬರುತ್ತದೆ. ಒಬ್ಬ ಮಂತ್ರಿ ಮೊದಲು ಬಂದರೆ ಇನ್ನೊಬ್ಬ ಎರಡನೆಯವನಾಗುತ್ತಾನೆ. ಇದಕ್ಕೆ ತಾವಿಬ್ಬರೂ ಬಹಳ ತಲೆ ಕೆಡಿಸಿಕೊಂಡು, ಕೊನೆಗೆ ಇಬ್ಬರೂ ಒಟ್ಟಿಗೆ ಕಾಲಿಡುವುದೆಂದು ತೀರ್ಮಾನಿಸಿದಿರಿ. ಇಬ್ಬರೂ ಒಟ್ಟಿಗೆ ಕಾಲಿಟ್ಟರು, ಒಟ್ಟಿಗೆ ಸಿಕ್ಕಿಕೊಂಡರು. ನಗುತ್ತಲೇ ಇದ್ದರು, ಪಾಪ, ಕ್ಯಾಮೆರಾ ಇತ್ತಲ್ಲ. ಎಡಗಡೆಯವರು ಮುಂದೆ ಎಳೆದರೆ ಬಲಗಡೆಯವರು ಹಿಂದಕ್ಕೆ. ತಮ್ಮ ಕಡೆಯವರು ಯಾರೂ ಕೈ ಹಾಕಲಿಲ್ಲ, ಯಾರನ್ನು ಮೊದಲು ಬಿಡಿಸಬೇಕೆಂದು ಮೇಲಿನಿಂದ ಅಪ್ಪಣೆ ಬಂದಿರಲಿಲ್ಲ. ಆಗ ಲ್ವಾನ್ ಮುದುಕಿ ಹಕ್ಕಿಗೆ, "ಎಡಗಡೆಯವ್ನು ಹೊಟ್ಟೆ ಒಳಗೆಳ್ಕೊಳ್ಳಲಿ" ಎಂದಳು. ನಾನು ಮರಕ್ಕೆ, "ಬಲಗಡೆಯವ್ನು ಉಸಿರು ಬಿಡ್ಲಿ, ಮೊಣಕೈ ಮೇಲೆತ್ತಲಿ" ಎಂದೆ. ಅವಳು ಒಂದು ತೋಳು ಹಿಡಿದಳು, ನಾನು ಇನ್ನೊಂದು. ಇದೇ ಬಾಗಿಲಲ್ಲಿ ನಾವು ಬೀರು, ಮಂಚ, ಇಬ್ಬರು ಗಂಡಂದಿರ ಶವ ಎಲ್ಲವನ್ನೂ ದಾಟಿಸಿದವರು. ಮಂತ್ರಿಗಳೂ ದಾಟಿದರು. ಮರುದಿನ ಪತ್ರಿಕೆಯಲ್ಲಿ ಆ ಫೋಟೊದ ಕೆಳಗೆ "ಹೆಗಲಿಗೆ ಹೆಗಲು ಕೊಟ್ಟ ಎರಡು ದೇಶಗಳು" ಎಂದಿತ್ತು. ಅದು ಲ್ವಾನ್ ಮುದುಕಿ ಮತ್ತು ನಾನು ಕೂಡಿ ಸರಿಯಾಗಿ ಮಾಡಿದ ಕೊನೆಯ ಕೆಲಸ.

ಏಕೆಂದರೆ ಆಮೇಲೆ ಕಡುಬು ಬಂತು. ಹಂದಿಮಾಂಸ, ಕೋಸಿನ ಹೂರಣ. ಕಲಸಿದ್ದು ನಾನು, ಮಡಿಸಿದ್ದು ಇಬ್ಬರೂ. ತಾವು ನಮ್ಮನ್ನು ಒಂದೇ ಬೆಂಚಿನ ಮೇಲೆ ಕೂರಿಸಿ, ಅವಳ ಕೈಯನ್ನು ನನ್ನ ಕೈಯಲ್ಲಿಟ್ಟು, ಮೈಕನ್ನು ಅವಳ ಬಾಯಿಗೆ ಹಿಡಿದಿರಿ. ಅವಳು ಒಂದು ಕಡುಬು ಕಚ್ಚಿದಳು. ಅಗಿದಳು. ನನ್ನ ಕಡೆ ನೇರವಾಗಿ ತಿರುಗಿ, ಹಕ್ಕಿಯ ಕಡೆಗಲ್ಲ, ನನ್ನ ಕಡೆಗೆ, "ಯೂಲಾನಕ್ಕಾ, ಉಪ್ಪು ಹದವಾಗಿದೆ" ಎಂದಳು. ಎಲ್ಲರೂ ಚಪ್ಪಾಳೆ ಹೊಡೆದರು.

ಮಾನ್ಯರೇ, ಮಗನ ಮದುವೆಯಿಂದ ಈಚೆಗೆ ನಾನು ಕಾದು ಕೂತಿದ್ದ ಮಾತು ಅದೊಂದೇ. ಅವಳು ಒಂದಲ್ಲ ಒಂದು ದಿನ, ಸೋತು, ತಾನಾಗಿಯೇ, ಹಕ್ಕಿಗಾದರೂ ಸರಿ, ಅದನ್ನು ಹೇಳಬೇಕಿತ್ತು. ತಾವು ಅದನ್ನು ಅಪ್ಪಣೆ ಕೊಟ್ಟು ಹೇಳಿಸಿದಿರಿ. ಈಗ ಆ ಮಾತು ನನ್ನ ಬಳಿ ಇದೆ, ಆದರೆ ಅದು ನಿಜವೋ ಸುಳ್ಳೋ ನನಗೆ ಗೊತ್ತಿಲ್ಲ, ಇನ್ನು ಯಾವತ್ತೂ ಗೊತ್ತಾಗುವುದಿಲ್ಲ. ಕೇಳೋಣವೆಂದರೆ ನಾವೀಗ ಗೆಳತಿಯರು. ಗೆಳತಿಯರು ಇಂಥದ್ದನ್ನೆಲ್ಲ ಕೇಳುವಂತಿಲ್ಲ.

ಹೌದು, ನಾವೀಗ ಗೆಳತಿಯರು. ಬೆಳಗ್ಗೆ ನಲ್ಲಿಯ ಹತ್ತಿರ ಅವಳು, "ತಿಂಡಿ ಆಯ್ತಾ?" ಎನ್ನುತ್ತಾಳೆ. ನಾನು, "ಆಯ್ತು, ನಿಮ್ದು?" ಎನ್ನುತ್ತೇನೆ. ಅವಳು, "ಆಯ್ತು" ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಬೇರೇನೂ ಹೇಳಲು ಇಲ್ಲ. ಹಕ್ಕಿಯ ಜೊತೆ ಅವಳು ಈಗ ಮಾತಾಡುವುದಿಲ್ಲ. ಮಾತು ಬಿಟ್ಟವರ ಮನೆಯ ಮಗುವಿನ ಹಾಗೆ ಹಕ್ಕಿ ಮುದುರಿ ಕೂತಿದೆ. ಮೊನ್ನೆ ಮಂಜು ಗಟ್ಟಿಯಾಗಿ ಬಿತ್ತು. ಬೀಳುತ್ತದೆಂದು ಅವಳಿಗೆ ಗೊತ್ತಿತ್ತು, ಅವಳ ಮಂಡಿ ಹೇಳುತ್ತದೆ. ಆದರೆ ಹೈಸ್ಕೂಲಿನ ಮಾತೆತ್ತದೆ ನನಗೆ ಎಚ್ಚರಿಕೆ ಕೊಡುವುದು ಹೇಗೆಂದು ಅವಳಿಗೆ ತಿಳಿಯಲಿಲ್ಲ. ಅವಳು ನಲ್ಲಿಯ ನೀರು ಖಾಲಿ ಮಾಡಿಲ್ಲವೆಂದು ನಾನು ನೋಡಿದ್ದೆ. ಗೆಳತಿಯನ್ನು ಬೈಯುವುದು ಹೇಗೆಂದು ನನಗೂ ತಿಳಿಯಲಿಲ್ಲ. ಬೆಳಗಾಗುವಷ್ಟರಲ್ಲಿ ಪೈಪು ಒಡೆದಿತ್ತು (ಮಧ್ಯಾಹ್ನ ನನ್ನ ಮಗ ಸರಿಮಾಡಿಸಿದ), ತಮ್ಮ ಜಂಟಿ ರಾಶಿಯ ಮೇಲಿನ ಸಾಲು ಕಲ್ಲಾಗಿತ್ತು, ಕೆಂಪು ಬಟ್ಟೆ ಮಾತ್ರ ಚೆನ್ನಾಗಿತ್ತು. "ಪರವಾಗಿಲ್ಲ ಬಿಡಿ ಅಕ್ಕಾ" ಎಂದಳು ಅವಳು. "ಪರವಾಗಿಲ್ಲ ಬಿಡಿ ತಂಗಿ" ಎಂದೆ ನಾನು. ಅಷ್ಟು ಕೆಟ್ಟ ಮಾತನ್ನು ನಾವು ಜಗಳದ ದಿನಗಳಲ್ಲಿ ಒಮ್ಮೆಯೂ ಆಡಿರಲಿಲ್ಲ.

ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ. ಹೋದ ವಾರ ಅವಳ ಮಗ ಬಂದು ಮತ್ತೆ ಕರೆದ. ಲಿಫ್ಟ್, ಬಿಸಿನೀರು, ಎಲ್ಲ ಹೇಳಿದ. ನಾನು ಕಿಟಕಿಯ ಹತ್ತಿರ ಹೋಗಿ ನಿಂತೆ, ಅವಳ ಉತ್ತರ ನನಗೆ ಬಾಯಿಪಾಠವಾಗಿದ್ದರೂ. ಅವಳು, "ಹೂಂ, ಬರ್ತೀನಪ್ಪಾ. ಯೂಲಾನಕ್ಕನ ಜೊತೆ ಎಲ್ಲಾ ಸರಿಹೋಯ್ತಲ್ಲ. ಇನ್ನು ಇಲ್ಲಿ ನನಗೇನು ಕೆಲ್ಸ?" ಎಂದಳು. ಪೂರ್ವದ ಮನೆಯಲ್ಲಿ ಈಗ ಗಂಟು ಕಟ್ಟುತ್ತಿದ್ದಾರೆ. ಹೊಸ ವರ್ಷದ ಹಬ್ಬದೊಳಗೆ ಹೊರಡುತ್ತಾಳಂತೆ. ಪಂಜರವನ್ನು ಆಗಲೇ ಬಟ್ಟೆಯಲ್ಲಿ ಸುತ್ತಿದ್ದಾರೆ. ನನ್ನ ಸೊಸೆ, "ಒಳ್ಳೇದೇ ಆಯ್ತಲ್ವಾ ಅತ್ತೆ, ಅಂಗಳ ಪೂರ್ತಿ ನಮ್ದೇ" ಎಂದಳು. ಅವಳನ್ನು ತಿದ್ದುವ ಕೆಲಸ ಇನ್ನೂ ಎಷ್ಟು ಬಾಕಿಯಿದೆಯೆಂದು ಅದರಿಂದ ತಾವೇ ಊಹಿಸಬಹುದು.

ಆದ್ದರಿಂದ ತಮ್ಮಲ್ಲಿ ನನ್ನ ವಿನಮ್ರ ಬೇಡಿಕೆ. ತಾವು ನಮ್ಮ ಅಂಗಳದಿಂದ ತೆಗೆದುಕೊಂಡು ಹೋದ ಜಗಳವನ್ನು, ತೆಗೆದುಕೊಂಡು ಹೋದಾಗ ಯಾವ ಸ್ಥಿತಿಯಲ್ಲಿತ್ತೋ ಅದೇ ಸ್ಥಿತಿಯಲ್ಲಿ, ಲ್ವಾನ್ ಮುದುಕಿಯ ಸಾಮಾನು ಸಾಗುವ ಮೊದಲು, ದಯವಿಟ್ಟು ಹಿಂತಿರುಗಿಸತಕ್ಕದ್ದು. ಅದು ಕಳೆದುಹೋಗಿದ್ದರೆ ತಮ್ಮ ಉಗ್ರಾಣದಿಂದ ಇನ್ನೊಂದನ್ನು ಕೊಟ್ಟರೂ ಸ್ವೀಕರಿಸುತ್ತೇನೆ. ಎರಡೂ ಕಡೆ ದಾಸ್ತಾನು ಧಾರಾಳವಾಗಿದೆಯೆಂದು ಪತ್ರಿಕೆಯಲ್ಲಿ ಓದಿದ್ದೇನೆ. ಆದರೆ ಸಮುದ್ರ, ದ್ವೀಪ, ಬಾಹ್ಯಾಕಾಶದ್ದೆಲ್ಲ ನಮಗೆ ಬೇಡ, ಇಡಲು ಜಾಗವಿಲ್ಲ. ಎರಡು ಗೋಡೆಗಳ ನಡುವೆ ಹಿಡಿಸುವಂಥದ್ದು, ದಿನವೂ ಬಳಸಿದರೂ ಸವೆಯದಂಥದ್ದು ಬೇಕು. ಹಾಗೆಯೇ ತಮ್ಮ ಅದೇ ಕ್ಯಾಮೆರಾಗಳನ್ನು, ಅದೇ ಚಪ್ಪಾಳೆಯವರನ್ನು ಕರೆತಂದು, ಉಪ್ಪಿನ ಬಗ್ಗೆ ಅವಳು ಕೊಟ್ಟ ಹೇಳಿಕೆಯನ್ನು ಹಿಂದಕ್ಕೆ ಪಡೆಯುವಂತೆ ಮಾಡಬೇಕು. ಆಗದಿದ್ದರೆ ಅದು ಮನಸಾರೆ ಹೇಳಿದ್ದೆಂದು ಎರಡೂ ದೇಶಗಳು ಮೊಹರು ಒತ್ತಿ ಖಾತ್ರಿ ಕೊಡಬೇಕು. ಎರಡರಲ್ಲಿ ಯಾವುದಾದರೂ ಸರಿ, ನಡುವೆ ನೇತಾಡಿಸಬೇಡಿ.

ಇನ್ನೊಂದು ಸಲಹೆ, ವಯಸ್ಸಾದವಳು ಹೇಳುವುದು, ಬೇಸರ ಮಾಡಬಾರದು. ತಾವು ತಲಾ ಒಂದು ಹಕ್ಕಿ ಸಾಕಿ. ಈ ಕಡೆಯವರು ಹೇಳಬೇಕಾದದ್ದನ್ನೆಲ್ಲ ಈ ಹಕ್ಕಿಗೆ ಹೇಳಲಿ, ಆ ಕಡೆಯವರು ಆ ಹಕ್ಕಿಗೆ. ಕಿಟಕಿ ಮಾತ್ರ ತೆರೆದಿಡಿ. ಮಂಜು ಬೀಳುವ ಸುದ್ದಿ ಎರಡೂ ಮನೆಗೆ ಹೊತ್ತಿಗೆ ಸರಿಯಾಗಿ ಮುಟ್ಟುತ್ತದೆ.

ತಮ್ಮ ಕಚೇರಿಯ ಕೆಲಸ ನಿಧಾನವೆಂದು ಬಲ್ಲವಳಾದ್ದರಿಂದ, ಉತ್ತರಕ್ಕೆ ಕಾಯದೆ ಇಂದು ಬೆಳಗ್ಗೆ ನಾನೇ ಒಂದು ಪ್ರಾಥಮಿಕ ಕ್ರಮ ಕೈಗೊಂಡಿದ್ದೇನೆ. ತಮ್ಮ ಜಂಟಿ ರಾಶಿಯನ್ನು ಕೆಡವಿ, ನನ್ನ ಕೋಸನ್ನು ನನ್ನ ಗೋಡೆಗೆ ಒಟ್ಟಿದ್ದೇನೆ. ಅವಳದ್ದನ್ನು ಬಿದ್ದಲ್ಲೇ ಬಿಟ್ಟಿದ್ದೇನೆ. ನನ್ನ ರಾಶಿಯಲ್ಲಿ, ತೀರಾ ಮೇಲೆ, ಪೂರ್ವದ ಮನೆಯ ಬಾಗಿಲಿನಿಂದ ಎದ್ದು ಕಾಣುವ ಹಾಗೆ, ಅವಳ ಬಿಳಿ ಕೋಸುಗಳಲ್ಲಿ ಎಲ್ಲಕ್ಕಿಂತ ದಪ್ಪನೆಯವು ಒಂದೆರಡು ಕಣ್ತಪ್ಪಿನಿಂದ ಸೇರಿಕೊಂಡಿರಬಹುದು. ನನ್ನ ಕಣ್ಣು ಚೆನ್ನಾಗಿದೆ ಎಂಬುದನ್ನೂ ದಾಖಲೆಗಾಗಿ ತಿಳಿಸುತ್ತೇನೆ.

ತಮ್ಮಿಬ್ಬರ ಮೇಲೂ ಸಮನಾಗಿ ವಿಶ್ವಾಸ ಕಳೆದುಕೊಂಡಿರುವ,
ತಮ್ಮ ವಿಶ್ವಾಸಿ,
ತೋಂಗ್ ಯೂಲಾನ್
ಉತ್ತರದ ಮನೆ, ಕೊನೆಯ ಅಂಗಳ, ಹಳೆ ಗಾಣದ ಓಣಿ

ತಾ.ಕ.: ಸಹಿ ಹಾಕುತ್ತಿದ್ದಂತೆ ಹೊರಗೆ ಪಂಜರದ ಬಟ್ಟೆ ಬಿಚ್ಚಿದ ಸದ್ದಾಯಿತು. ಆಮೇಲೆ ಇಡೀ ಓಣಿಗೆ ಕೇಳುವ ದನಿಯಲ್ಲಿ: "ನೋಡ್ದ್ಯೇನೋ ಹಕ್ಕಿ! ಹಾಡುಹಗಲೇ ಕೋಸು ಕಳ್ಳತನ! ಇಂಥಾ ಕಳ್ಳಿ ಕೈಗೆ ಅಂಗಳ ಕೊಟ್ಟು ನಾನು ಲಿಫ್ಟಲ್ಲಿ ಮೇಲಕ್ಕೂ ಕೆಳಕ್ಕೂ ಆಡ್ಕೊಂಡಿರ್ಲಾ? ಆ ಗಂಟು ಬಿಚ್ರೋ! ಇನ್ನೊಂದು ಹೇಳ್ತೀನಿ ಕೇಳು, ಅವತ್ತಿನ ಕಡುಬು ಉಪ್ಪುಪ್ಪು, ಬಾಯಿಗಿಡೋ ಹಾಗಿರ್ಲಿಲ್ಲ. ದೇಶದ ಮಾನ ಉಳಿಸೋಕೆ ನುಂಗಿದೆ!"

ಆದ ಕಾರಣ ಮೇಲಿನ ಬೇಡಿಕೆಗಳೆಲ್ಲ ಈಡೇರಿವೆಯೆಂದು ತಿಳಿಸಲು ಹೆಮ್ಮೆಪಡುತ್ತೇನೆ. ತಾವು ಅಭಿನಂದಿಸಲೆಂದು ದಯವಿಟ್ಟು ಇತ್ತ ಬರಬಾರದು. ಬಂದರೆ ಆ ಸೈಕಲ್ಲನ್ನು ತೆಗೆದುಕೊಂಡು ಹೋಗಿ. ನನಗಿನ್ನು ಪುರುಸೊತ್ತಿಲ್ಲ, ಬೋರೆ ಮರಕ್ಕೆ ತುರ್ತಾಗಿ ಒಂದು ಮಾತು ಹೇಳುವುದಿದೆ: ಉಪ್ಪು ತಿಂದವರು ನೀರು ಕುಡಿಯಲೇಬೇಕು, ನಲ್ಲಿ ಇರುವುದು ನನ್ನ ಗೋಡೆಯ ಪಕ್ಕ.